ಊಟಕ್ಕೆ ಕರೆದ ಹಕ್ಕಿಗಳು

ಹುಕ್ಕೇರಿ ಬಸ್ ನಿಲ್ದಾಣಕ್ಕೆ ನಾನು ಬಂದಾಗ ಇನ್ನೂ ಸರಿಯಾಗಿ ಬಿಸಿಲು ಬಿದ್ದಿರಲಿಲ್ಲ. ಸಂಕ್ರಾಂತಿ ಮುಗಿದಿತ್ತು, ಚಳಿ ಮುಗಿದಿರಲಿಲ್ಲ. ನನ್ನ ಹೊಲಿಗೆ ಕ್ಲಾಸಿಗೆ ರಜೆ ಕೊಟ್ಟು, ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಘಟಪ್ರಭಾ ಬಸ್ಸಿಗೆ ಕಾದೆ. ನೋಡಿದವರು ಯಾವುದೋ ಮದುವೆಗೆ ಹೊರಟಿದ್ದಾಳೆ ಅಂದುಕೊಂಡಿರಬೇಕು. ನಾನು ಹೊರಟಿದ್ದು ಕುಲಗೋಡಕ್ಕೆ. ಅಲ್ಲಿಂದ ನನ್ನ ಅಕ್ಕ ಗಂಗವ್ವನನ್ನು ಗೋಕಾಕಕ್ಕೆ ಕರೆದೊಯ್ದು, ತೀರಿಹೋದ ಅವಳ ಗಂಡನ ದನಿ ಕೇಳಿಸಬೇಕಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಳೆದ ಶ್ರಾವಣದಲ್ಲಿ ಎದೆನೋವು ಅಂದ ಭಾವ ಆಸ್ಪತ್ರೆ ಮುಟ್ಟಲಿಲ್ಲ. ಬದುಕಿದ್ದಷ್ಟು ದಿನ ಅವನ ಬಾಯಿಗೆ ಬಿಡುವಿರಲಿಲ್ಲ. ಮೂರು ಹೊಲದಾಚೆಗೂ ಅವನ ಚೇಷ್ಟೆ ಕೇಳಿಸುತ್ತಿತ್ತು. ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಮಾತ್ರ ತುಟಿ ಬಿಗಿದು, ಆಧಾರ್ ಕಾರ್ಡಿನ ಫೋಟೋಕ್ಕೆ ನಿಂತವನ ಹಾಗೆ ನಿಂತುಬಿಡುತ್ತಿದ್ದ. ಹೀಗಾಗಿ ಮನೆಯಲ್ಲಿ ಅವನ ಫೋಟೋ ಬೇಕಾದಷ್ಟಿವೆ, ದನಿ ಒಂದೂ ಇಲ್ಲ. ದೀಪಾವಳಿಗೆ ಫೋನ್ ಮಾಡಿದಾಗ ಅಕ್ಕ ಅಂದಿದ್ದಳು: "ಶಾಂತಾ, ಅವ್ರ ಮುಖಾ ಕಣ್ಮುಂದ ಬರತೈತಿ. ದನಿ ಬರವಲ್ದು. ಮರತ ಹೊಂಟೇನೇನ ಅನಸ್ತೈತಿ."

ಅದಾದ ಮೇಲೆ ನನಗೂ ಸಮಾಧಾನ ಇರಲಿಲ್ಲ. ಮೊನ್ನೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಗೋಕಾಕದ ಒಂದು ಕಲ್ಯಾಣ ಮಂಟಪದಲ್ಲಿ ಬೆಳಕಿನ ಪ್ರದರ್ಶನ ನೋಡಿ ಬಂದಳು. ಕತ್ತಲ ಕೋಣೆಯ ಗೋಡೆಗಳ ಮೇಲೆ ನೀರು, ಗಿಡ, ಹಕ್ಕಿ ಎಲ್ಲ ಓಡಾಡುತ್ತವಂತೆ, ನಾವು ಕೈ ಆಡಿಸಿದರೆ ಅವೂ ಆಡುತ್ತವಂತೆ. "ಒಂದ ಗ್ವಾಡಿಗೆ ಕುಲಗೋಡದ ಜ್ವಾಳದ ಹೊಲಾ ಅಂತ ಬರದಾರ್ರಿ ಟೀಚರ, ಒಬ್ಬಾಂವ ಕೂಗತಾನ" ಅಂದಳು. ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ಕಳೆದ ವರ್ಷ ಪುಣೆಯವರು ಯಾರೋ ಹೊಲಕ್ಕೆ ಬಂದು ಮೈಕ್ ಹಿಡಿದಿದ್ದರೆಂದು ಭಾವ ಹೇಳಿ ನಗಾಡಿದ್ದ. ಪ್ರದರ್ಶನ ಅಲ್ಲಿಂದ ಎತ್ತುವುದಕ್ಕೆ ಎರಡೇ ದಿನ ಉಳಿದಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆ, ಕೂರಲು ಜಾಗ ಸಿಕ್ಕರೆ ಪುಣ್ಯ. ಘಟಪ್ರಭಾದಲ್ಲಿ ಇಳಿದು, ಕುದಿಯುವ ಚಹಾ ಕುಡಿದು, ಮೂಡಲಗಿ ಬಸ್ಸು ಹತ್ತಿದೆ. ಕಬ್ಬಿನ ಹಂಗಾಮು. ತುಕ್ಕಾನಟ್ಟಿ ದಾಟುವವರೆಗೂ ಮುಂದೆ ಎರಡು ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್, ಅದರಲ್ಲಿ ಎದೆ ನಡುಗಿಸುವ ಹಾಡು. ನಮ್ಮ ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸೋತ. ಮೂಡಲಗಿಯಲ್ಲಿ ಮತ್ತೆ ಬಸ್ಸು ಬದಲಿಸಿ ಕುಲಗೋಡ ಮುಟ್ಟಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು.

ಅಕ್ಕ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿಟ್ಟಿದ್ದಳು. ನನಗೆ ಬಡಿಸಿದಳು, ತಾನು ತಿನ್ನಲಿಲ್ಲ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು.

"ಅವ್ರದ ದನಿ ಅಂತ ಏನ ಖಾತ್ರಿ? ಮತ್ಯಾರದರ ಇದ್ದರ?" ಅಂದಳು.

"ಇದ್ದರ ಗೋಕಾಕ ಕರದಂಟ ತಿಂದ ಬರೂಣು, ಏಳ" ಅಂದೆ. ಖಾತ್ರಿ ನನಗೂ ಇರಲಿಲ್ಲ.

ಗೋಕಾಕದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಆಟೋದವನು ಹೆಸರು ಹೇಳುವ ಮೊದಲೇ "ಲೈಟಿನ ಫಾಲ್ಸಿಗೇನ್ರಿ?" ಅಂದ. ಐದು ಮೈಲಿ ಆಚೆ ಖರೇ ಜಲಪಾತ ಇಟ್ಟುಕೊಂಡು ಊರಿನವರು ಇದನ್ನು ನೋಡಲು ಸಾಲು ಹಚ್ಚಿದ್ದರು. ಬೇಸಿಗೆ ಹತ್ತಿರ ಬಂದಂತೆ ಅಲ್ಲಿ ಬಂಡೆಯಷ್ಟೇ ಉಳಿಯುತ್ತದಲ್ಲ, ಅವರದೇನು ತಪ್ಪು. ಐವತ್ತು ರೂಪಾಯಿ ಟಿಕೆಟ್ ತೆಗೆಸಿ, ಚಪ್ಪಲಿ ರಾಶಿಯ ಪಕ್ಕ ನಮ್ಮವನ್ನೂ ಬಿಟ್ಟು ಕಪ್ಪು ಪರದೆ ಸರಿಸಿದೆವು.

ಮೊದಲ ಕೋಣೆಯಲ್ಲಿ ಗೋಡೆಯಿಂದ ಇಳಿದ ಬೆಳಕಿನ ನೀರು ನೆಲದ ತುಂಬ ಹರಿಯುತ್ತಿತ್ತು. ಮುಂದಿದ್ದ ಹೆಂಗಸರೆಲ್ಲ ಸೀರೆಯ ನಿರಿಗೆ ಮೇಲೆತ್ತಿ ದಾಟುತ್ತಿದ್ದರು. ನಾನು ನಕ್ಕೆ, ಆಮೇಲೆ ನೋಡಿಕೊಂಡರೆ ನನ್ನ ಕೈಯಲ್ಲೂ ನಿರಿಗೆ ಇತ್ತು.

ಎರಡನೆಯ ಕೋಣೆ ಜೋಳದ ಹೊಲ. ಮೂರು ಗೋಡೆಗಳ ಮೇಲೆ ಆಳೆತ್ತರದ ಬೆಳೆ, ತುಂಬಿದ ತೆನೆ, ಗಾಳಿಗೆ ತೂಗಾಟ. ಅಕ್ಕ ನಡುವೆ ನಿಂತಳು. ಎಲ್ಲಿಂದಲೋ ಬಂತು: "ಹೋಯ್... ಹೋ ಹೋ ಹೋಯ್!"

ಭಾವನೇ. ಕೊನೆಗೆ ದನಿ ಒಡೆದು ಮೇಲೆ ಹೋಗುವ ಅದೇ ಕೂಗು. ಅಕ್ಕ ನನ್ನ ತೋಳು ಹಿಡಿದಳು, ಬಳೆ ಒತ್ತುವಷ್ಟು ಬಿಗಿಯಾಗಿ. ಕೂಗಿನ ಬೆನ್ನಿಗೇ ಬೆಳಕಿನ ಗಿಳಿಗಳು, ಗುಬ್ಬಿಗಳು ಗುಂಪು ಗುಂಪಾಗಿ ಹಾರಿ ಬಂದು ತೆನೆಗಳ ಮೇಲೆ ಕೂತವು. ಜನ ಚಪ್ಪಾಳೆ ತಟ್ಟಿದರು.

ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಇಲ್ಲಿ ಏನೋ ತಿರುವುಮುರುವು ಆಗಿದೆ ಎಂದು ಗೊತ್ತಾಗುತ್ತದೆ. ಅದು ಹಕ್ಕಿ ಓಡಿಸುವ ಕೂಗು. ತೆನೆಯ ಕಾಳಿನಲ್ಲಿ ಹಾಲು ತುಂಬುವ ಹೊತ್ತಿನಲ್ಲಿ ಹೊಲದ ಎರಡು ತುದಿಗೆ ಇಬ್ಬರು ನಿಲ್ಲುತ್ತಾರೆ. ಒಬ್ಬರು ಕೂಗಿದರೆ ಇನ್ನೊಬ್ಬರು ಆ ತುದಿಯಿಂದ ಉತ್ತರ ಕೊಡಬೇಕು, ಇಲ್ಲದಿದ್ದರೆ ಹಕ್ಕಿ ಇಲ್ಲಿಂದ ಎದ್ದು ಅಲ್ಲಿ ಕೂರುತ್ತವೆ, ಅಷ್ಟೇ. ಅಕ್ಕ ಮದುವೆಯಾಗಿ ಬಂದಾಗಿನಿಂದ ಆ ತುದಿ ಅವಳದು.

ದನಿ ಮತ್ತೆ ಬಂತು. ಕೂಗಿದ ಮೇಲೆ ಒಂದಿಷ್ಟು ಹೊತ್ತು ಏನೂ ಇರಲಿಲ್ಲ, ಗಾಳಿಯ ಸಪ್ಪಳವಷ್ಟೇ. ಅಕ್ಕ ಪಿಸುಗುಟ್ಟಿದಳು: "ಮೈಕಿನವ್ರು ಹೊಲಕ್ಕ ಬಂದ ದಿನ ನಾ ಹಲ್ಲ ಕೀಳಸಾಕ ಇದ ಗೋಕಾಕಕ್ಕ ಬಂದಿದ್ನಿ. ನೋಡ, ನಾ ಇಲ್ಲಂತ ಗೊತ್ತಿದ್ರೂ ನನ್ನ ಉತ್ತರಕ್ಕ ತಡದ ತಡದ ಕೂಗ್ಯಾರ."

ಮೂರನೆಯ ಸಲ ಭಾವ ಕೂಗಿದಾಗ ಅವಳು ನನ್ನ ತೋಳು ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ ಬೀಸುತ್ತ, "ಹಾ... ಹಾಹಾ ಹಾ!" ಎಂದು ಉತ್ತರ ಕೊಟ್ಟಳು. ಗೋಡೆಯ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹೊಲ ಖಾಲಿಯಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಇದನ್ನೆಲ್ಲ ಮಾಡಿದ ಕಲಾವಿದೆ ಪುಣೆಯ ಮೇಧಾ ಪರದೆಯ ಹಿಂದಿನಿಂದ ಬಂದರು. ಕಲಿತ ಕನ್ನಡ, ಆದರೆ ಮೆತ್ತಗಿನ ಮಾತು. ಅಕ್ಕ ಯಾರೆಂದು ಹೇಳಿದೆ, ಭಾವ ಇಲ್ಲವೆಂದೂ ಹೇಳಿದೆ. ಅವರು ಬಾಯಿಗೆ ಕೈ ಒತ್ತಿಕೊಂಡು ನಿಂತರು. ಆ ಕೂಗು ಓಡಿಸುವುದಕ್ಕೆ ಅಂದಾಗ ಇನ್ನೂ ಪೆಚ್ಚಾದರು.

"ನಾನು ಕೇಳಿದ್ದೆ, ಏನು ಮಾಡ್ತಾ ಇದ್ದೀರಿ ಅಂತ. ಅವರು ಹೇಳಿದ್ರು, 'ಹಕ್ಕಿ ಕರಿಯಾಕತ್ತೇನ್ರಿ, ಊಟಕ್ಕ' ಅಂತ. ನಾನು ನಂಬಿಬಿಟ್ಟೆ."

ಅಕ್ಕ ಜೋರಾಗಿ ನಕ್ಕಳು. ಶ್ರಾವಣದಿಂದ ಈಚೆಗೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಗುತ್ತ ನಗುತ್ತಲೇ ನೆಲಕ್ಕೆ ಕೂತು ಬಿಕ್ಕಿದಳು. "ಊಟಕ್ಕಂತ! ಈ ಮಾತ ನನಗ ಹೇಳೇ ಇಲ್ಲಲಾ ಅವ್ರು."

"ತಪ್ಪಾಯ್ತು ಅಕ್ಕ, ಇವತ್ತೇ ಸರಿ ಮಾಡ್ತೀನಿ. ಅವರು ಕೂಗಿದಾಗ ಹಕ್ಕಿ ಹಾರಿಹೋಗೋ ಹಾಗೆ ಮಾಡ್ತೀನಿ."

"ಬ್ಯಾಡವ್ವಾ" ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಊಟಕ್ಕ ಅಂತ ಕರದಾರ. ಬರ್ಲಿ ಬಿಡು."

ಆ ದನಿ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿದೆ. ಮೂಲ ರೆಕಾರ್ಡಿಂಗ್ ಇದ್ದ ಯಂತ್ರ ಕೆಟ್ಟಿದೆ, ಉಳಿದಿರುವುದರಲ್ಲಿ ಗಾಳಿ, ವಾದ್ಯ ಎಲ್ಲ ಬೆರೆತಿವೆ, ಹುಡುಕಿ ನೋಡುತ್ತೇನೆ ಎಂದು ನನ್ನ ನಂಬರ್ ಬರೆದುಕೊಂಡರು. ಅವರು ಸುಳ್ಳು ಹೇಳುವ ಹೆಣ್ಣಲ್ಲ. ಆದರೆ ಇಂದಿಗೂ ಏನೂ ಬಂದಿಲ್ಲ. ಅವತ್ತು ನಾನೇ ಆ ಕೂಗನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಹಚ್ಚಿದರೆ ಪಕ್ಕದ ಕೋಣೆಯ ನೀರಿನ ಭೋರ್ಗರೆತ, ಮಕ್ಕಳ ಚೀರಾಟ. ಅಕ್ಕ ಕಿವಿಗೊತ್ತಿ ಕೇಳಿ, "ಇದ್ರಾಗ ಅವ್ರ ಇಲ್ಲವ್ವಾ" ಎಂದು ವಾಪಸು ಕೊಟ್ಟಳು.

ಅವಳನ್ನು ಊರಿಗೆ ಮುಟ್ಟಿಸಲು ಜೊತೆಗೇ ಹೊರಟಿದ್ದೆ. ಕುಲಗೋಡ ಇನ್ನೂ ಸ್ವಲ್ಪ ದೂರ ಇರುವಾಗ ಮತ್ತೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತು ನಮ್ಮ ಬಸ್ಸೂ ನಿಂತಿತು. ಡ್ರೈವರ್ ಇಂಜಿನ್ ಆರಿಸಿದ. ಹೊತ್ತು ಇಳಿದಿತ್ತು, ಬೆಳೆಗೆ ಹಕ್ಕಿ ಬೀಳುವ ಹೊತ್ತು. ರಸ್ತೆ ಪಕ್ಕದ ಜೋಳದ ಹೊಲದಿಂದ ಒಬ್ಬ ಗಂಡಸು ಕೂಗಿದ: "ಹೋಯ್... ಹೋ ಹೋ!"

ಅಕ್ಕ ಕಿಟಕಿಯ ಸರಳು ಹಿಡಿದು ಅರ್ಧ ಎದ್ದಳು. ಅವಳ ಬಾಯಿ ತೆರೆದಿತ್ತು, ಎದೆಯಲ್ಲಿ ಉಸಿರು ತುಂಬಿತ್ತು. ಅಷ್ಟರಲ್ಲಿ ಹೊಲದ ಆ ತುದಿಯಿಂದ ಒಂದು ಹೆಣ್ಣುದನಿ ಉತ್ತರ ಕೊಟ್ಟಿತು.

ಅಕ್ಕ ಮೆಲ್ಲಗೆ ಕೂತಳು. "ಅದಾಳ" ಅಂದಳು. "ಆಕಿ ಅಲ್ಲೇ ಅದಾಳ."