ಬೆಳ್ಳಿ ಬಸ್ಸಿಗೆ ಕ್ಲಿಯರ್ ಹೊಡೆಸಿದ ಕಾಕಾ

ಕಾಕಾರ ಎರಡೂ ಹುಬ್ಬುಗಳಲ್ಲಿ ಬೆಳ್ಳಿ ಬಣ್ಣದ ಹುಡಿ ಮಿನುಗುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದು. "ನರೆ ಕಾಣುವುದಿಲ್ಲ, ಅದೊಂದು ಲಾಭ" ಎಂದು ತಾವೇ ನಗುತ್ತಿದ್ದರು. ಬೈಕಂಪಾಡಿಯಲ್ಲಿ ಬಸ್ಸು, ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ ಅವರದು; ಊರಿಗೆಲ್ಲ ಅವರು ಕಾಕಾ. ನಾನು ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ರಜೆ ಸಿಕ್ಕಿದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೊಳದುದ್ದದ ಬಸ್ಸು ಮಾಡುವ ಹುಚ್ಚಿ! ಅಳಿದುಳಿದ ಬಣ್ಣ ಕೇಳಲು ಹೋದವಳನ್ನು ಅವರು ಶಿಷ್ಯೆ ಮಾಡಿಕೊಂಡರು.

"ಬೆಳ್ಳಿ ಅಂದ್ರೆ ಹುಡುಗಾಟ ಅಲ್ಲ ಮಾರಾಯ್ತಿ. ಬೆರಳು ತಾಗಿದ್ರೂ ಕಲೆ. ಮೇಲೆ ಕ್ಲಿಯರ್ ಬೇಕೇ ಬೇಕು, ಬಣ್ಣ ಇಲ್ಲದ ವಾರ್ನಿಶ್. ಆದ್ರೆ ಒಮ್ಮೆಗೇ ದಪ್ಪ ಹೊಡೆದ್ಯಾ, ಅಡಿಯ ಬೆಳ್ಳಿ ಈಜ್ಲಿಕ್ಕೆ ಶುರು ಮಾಡ್ತದೆ!"

ಕಿಟಕಿಯಲ್ಲಿ ಒಂದು ತಟ್ಟೆ ಪುಡಿ ಉಪ್ಪು ಇಟ್ಟಿರುತ್ತಿದ್ದರು. ಉಪ್ಪು ಬೆರಳಿಗೆ ಅಂಟಿದರೆ ಆ ದಿನ ಕ್ಲಿಯರ್ ಬಂದ್. ತೇವದ ಗಾಳಿಯಲ್ಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದಂತೆ. ಗಿರಾಕಿ ಎಷ್ಟು ಕುಣಿದರೂ ಉಪ್ಪಿನ ಮಾತೇ ಕೊನೆಯ ಮಾತು.

ನನ್ನ ಅಪ್ಪ ಪಡೀಲ್ ಕಡೆಯ ಬಸ್ಸಿನ ಡ್ರೈವರ್. ಮೂವತ್ತು ವರ್ಷ ಓಡಿಸಿದ ಮೇಲೆ, ಹೋದ ಮಳೆಗಾಲದಲ್ಲಿ ಸ್ಟಿಯರಿಂಗ್ ಬಿಡುವುದೆಂದು ನಿಶ್ಚಯವಾಯಿತು. ಕೊನೆಯ ಟ್ರಿಪ್ ಹೊರಡುವ ಮೊದಲು ಬೆಳ್ಳಿ ಬಣ್ಣದ ಅವರ ಬಸ್ಸನ್ನೇ ಪುಟ್ಟದಾಗಿ ಮಾಡಿ ಅವರ ಕೈಯಲ್ಲಿಡಬೇಕು ಎಂದು ಆರು ತಿಂಗಳು ಗುಟ್ಟಾಗಿ ದುಡಿದಿದ್ದೆ. ಹಿಂದಿನ ದಿನ ನೋಡುತ್ತೇನೆ, ಬೆಳ್ಳಿಯ ಮೇಲೊಂದು ಬೆರಳಚ್ಚು. ಲ್ಯಾಬಿನ ಕೈ ಅಲ್ಲವೇ, ಯೋಚನೆಯೇ ಇಲ್ಲದೆ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿಬಿಟ್ಟೆ. ಬೆರಳಚ್ಚು ಹೋಯಿತು, ಬೆಳ್ಳಿಯೂ ಹೋಯಿತು! ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ನನ್ನನ್ನೇ ನೋಡುತ್ತಿತ್ತು.

ಅಳುತ್ತಾ ಶೆಡ್ಡಿಗೆ ಓಡಿದೆ. ಕಾಕಾ ಹತ್ತಿ ಮೂಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಬಸ್ಸಿಗೆ ಇಂಜೆಕ್ಷನ್ ಕೊಡ್ಲಿಕ್ಕೆ ಹೊರಟದ್ದಾ ನೀನು?"

ನಕ್ಕ ಬಾಯಲ್ಲೇ ಬೆಳ್ಳಿ ಕಲಸಿ ಹೊಡೆದುಕೊಟ್ಟರು. ಮರುದಿನ ಬೆಳಿಗ್ಗೆ ಕ್ಲಿಯರ್ ಎಂದರು. ಬೆಳಿಗ್ಗೆ ಹೋದರೆ ಧೋ ಎಂದು ಮಳೆ, ಉಪ್ಪು ಗಂಜಿಯಂತಾಗಿತ್ತು. ಟ್ರಿಪ್ ನಾಲ್ಕು ಗಂಟೆಗೆ.

"ಕಾಕಾ, ಹೇಗಾದ್ರೂ ಹೊಡೀರಿ."

"ಹೇಗಾದ್ರೂ ಹೊಡೆಯುವ ಕೆಲಸ ನನ್ನಲ್ಲಿ ಇಲ್ಲ." ಮುಖವನ್ನೂ ನೋಡದೆ ಎದ್ದುಹೋದರು. ನನಗೆ ಸಿಟ್ಟು ನೆತ್ತಿಗೇರಿತು. ನೋಡಿದರೆ ಫ್ರಿಜ್ಜಿನ ದೊಡ್ಡ ರಟ್ಟಿನ ಪೆಟ್ಟಿಗೆ ಎಳೆದುಕೊಂಡು ಬರುತ್ತಿದ್ದಾರೆ! ಒಳಗೆ ಹಳೆಯ ಗುಂಡು ಬಲ್ಬುಗಳನ್ನು ಉರಿಸಿ, ಬಸ್ಸನ್ನೂ ಉಪ್ಪಿನ ತಟ್ಟೆಯನ್ನೂ ಇಟ್ಟು ಮುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಉಪ್ಪು ಬೆರಳಿನಿಂದ ಉದುರಿತು. ಬಲ್ಬು ತೆಗೆದು, ಪೆಟ್ಟಿಗೆಯ ಬಾಯಿ ತೆರೆದು, ಸ್ಪ್ರೇ ಗನ್ ನನ್ನ ಕೈಗೇ ಕೊಟ್ಟರು.

"ನೀವೇ ಹೊಡೀರಿ ಕಾಕಾ!"

"ನಾನ್ಯಾಕೆ? ಅಪ್ಪ ನಿನ್ನವರಲ್ವಾ? ದೂರದಿಂದ ಹೊಡಿ. ತಾಗಿತೋ ಇಲ್ಲವೋ ಅಂತ ಬಸ್ಸಿಗೇ ಗೊತ್ತಾಗ್ಬಾರ್ದು."

ಒಂದು ತೆಳು ಹೊಡೆತ, ಕಾಯುವುದು. ಮತ್ತೊಂದು, ಮತ್ತೆ ಕಾಯುವುದು. ಗಡಿಯಾರ ನೋಡಿದರೆ ಗದರಿಕೆ. ಕೊನೆಯದು ಮಾತ್ರ ತುಸು ತುಂಬಿ. ಅಬ್ಬಾ, ಬೆಳ್ಳಿ ಒಮ್ಮೆಲೇ ಜೀವ ಬಂದು ಹೊಳೆಯಿತು! ನಾನು ಅಲ್ಲೇ ಕುಣಿದುಬಿಟ್ಟೆ. ಬಲ್ಬಿನ ಕಾವಿನಲ್ಲಿ ಒಣಗಿಸಿ, ಮೂರಕ್ಕೆ ರಿಕ್ಷಾ ಹತ್ತಿಸಿದರು.

ಮರುದಿನ ಶೆಡ್ಡಿಗೆ ಕಾಲಿಡುತ್ತಲೇ ಕಾಕಾ ಕಂಪ್ರೆಸರ್ ಆರಿಸಿದರು. "ಅಪ್ಪ ಎಂತ ಹೇಳಿದ್ರು?"

"ಕೇಳಿ ಕಾಕಾ. ಬಸ್ಸನ್ನು ಗಾಜಿನ ಹತ್ರ, ಎದುರಿಗೇ ಇಟ್ಕೊಂಡ್ರು. ಅದು ಬೀಳ್ತದೆ ಅಂತ ಪಡೀಲ್ ತನಕ ಎತ್ತಿನಗಾಡಿ ಹಾಗೆ ಬಿಟ್ರು! ವಿಮಾನದ ಹಾಗೆ ಬಿಡುವ ಜನ! 'ಎಂತ ಮಾರಾಯ್ರೇ, ಬಸ್ಸಿಗೆ ಹುಷಾರಿಲ್ವಾ?' ಅಂತ ಕಂಡಕ್ಟರ್ ಕೇಳಿದ್ದಕ್ಕೆ, 'ಮಗಳು ಮಾಡಿದ್ದು, ಗೀರು ಬಿದ್ರೆ ನೀನು ಕೊಡ್ತೀಯಾ?' ಅಂತ ಬೈದ್ರು."

ಕಾಕಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೆಲಸದವರನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸಿದರು. ಮಧ್ಯಾಹ್ನ ಮನೆಯವರಿಗೆ ಫೋನ್ ಮಾಡಿ ಮೂರನೆಯ ಸಲವೂ ಹೇಳಿಸಿದರು.

ಈ ವರ್ಷ, ಮಳೆ ಹಿಡಿಯುವ ಮೊದಲೇ ಕಾಕಾ ತೀರಿಕೊಂಡರು. ನಾಲ್ಕನೆಯ ಸಲ ಹೇಳು ಎನ್ನುವವರಿಲ್ಲ. ಅದಕ್ಕೇ ನಿಮಗೆ ಹೇಳಿದೆ.