ಸ್ಟ್ಯಾಂಡ್ ಹಾಕಿದ ಸೈಕಲ್ಲಲ್ಲಿ ಕಡಲಿಗೆ

ಮುನಿರಾಜಣ್ಣನ ಸೈಕಲ್ಲಿನ ಹಿಂದಿನ ಚಕ್ರ ನೆಲ ಮುಟ್ಟುತ್ತಲೇ ಇರಲಿಲ್ಲ. ಅಟ್ಟೂರಿನ ನಮ್ಮ ಬೀದಿಯ ಮೂಲೆಯಲ್ಲಿದ್ದ ತನ್ನ ಪಂಚರ್ ಅಂಗಡಿಯೊಳಗೆ, ಸ್ಟ್ಯಾಂಡ್ ಹಾಕಿದ ಹಳೇ ಸೈಕಲ್ ಹತ್ತಿ, ಗೋಡೆಗೆ ಮುಖ ಮಾಡಿಕೊಂಡು ತುಳಿಯುತ್ತಿದ್ದ. ಹಾಗೆ ತುಳಿದೇ ಅವನು ನೆಲಮಂಗಲ ದಾಟಿದ, ಕುಣಿಗಲ್ ದಾಟಿದ, ಹಾಸನ ಮುಟ್ಟಿದ. ನಗಬೇಡಿ. ನಾನೂ ಮೊದಲು ನಕ್ಕವಳೇ. ನನಗಿಂತ ಚಿಕ್ಕವನು, ಆದರೂ ಬೀದಿಗೆಲ್ಲ ಅವನು ಅಣ್ಣ.

ಇದೆಲ್ಲ ಶುರುವಾದದ್ದು ನನ್ನ ಮೊಮ್ಮಗಳು ಸಿಂಚನಳಿಂದ. ಕಾಲೇಜಿನವರ ಜೊತೆ ಕಡಲು ನೋಡಲು ಹೋದವಳನ್ನು ಅಲೆ ಎಳೆದುಕೊಂಡು ಹೋಯಿತು. ಸಂಬಳವಿಲ್ಲದೆ ದಂಡೆ ಕಾಯುವ ಆ ಊರಿನ ಮೀನುಗಾರ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿ, ಲಾರಿ ಟ್ಯೂಬಿನ ಮೇಲೆ ಹಾಕಿಕೊಂಡು ಎಳೆದು ತಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಸಂತೋಷ ಬರೆಯಲು ನನ್ನ ಅಕ್ಷರ ಸಾಲದು. ಮಗು ದಿನಾ ನನ್ನ ಮುಂದೆ ಕೂತು ಮುದ್ದೆ ನುಂಗುತ್ತಾಳೆ, ನಾನು ನೋಡುತ್ತಲೇ ಇರುತ್ತೇನೆ.

ಅವಳಿಗೆ ಸೈಕಲ್ ಕಲಿಸಿದವನು ಮುನಿರಾಜಣ್ಣ. ವಿಷಯ ಕೇಳಿದವನು ಎಲ್ಲ ಬಿಟ್ಟು ಟ್ಯೂಬಿನ ಬಗ್ಗೆ ಕೇಳಿದ.

“ಎಷ್ಟ್ ಪ್ಯಾಚ್ ಆಗಿತ್ತು ಮಗಾ ಅದಕ್ಕೆ?”

“ಮುಳುಗ್ತಾ ಇರೋವಾಗ ಪ್ಯಾಚ್ ಎಣಿಸ್ತಾರಾ ಅಂಕಲ್? ಮೈ ತುಂಬಾ ಇತ್ತು.”

“ಅಂತಾ ಟ್ಯೂಬ್ ನಂಬ್ಕೊಂಡು ನಾನು ಇಲ್ಲೇ ಇರೋ ಯಲಹಂಕಕ್ಕೂ ಓಗಲ್ಲ. ಅವ್ರು ಕಡಲಿಗೇ ಇಳೀತಾರಲ್ಲಾ!”

ಆ ಹುಡುಗರಿಗೆ ಒಳ್ಳೆಯ ತೇಲುವ ಜಾಕೆಟ್ಟು ಕೊಡಿಸಲೆಂದು ಸಿಂಚನಳ ಗೆಳೆಯರು ಕಡಲತನಕ ಸೈಕಲ್ ಯಾತ್ರೆ ಹೂಡಿದರು. ತುಳಿಯುವವರು ಒಂದೊಂದು ಊರು ಮುಟ್ಟಿದಾಗಲೂ ಅವರವರ ಬೀದಿಯವರು ಡಬ್ಬಿಗೆ ಕೈಲಾದದ್ದು ಹಾಕಬೇಕು. ಮೊದಲು ಹೆಸರು ಕೊಟ್ಟವನು ಮುನಿರಾಜಣ್ಣ. ಯಾತ್ರೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅವನ ಹೆಂಡತಿ ರತ್ನಮ್ಮನಿಗೆ ಲಕ್ವ ಹೊಡೆಯಿತು.

ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸಬೇಕು. ನಾಲಿಗೆ ತೊದಲುತ್ತಿತ್ತು, ಕೂಗಲಾರಳು. ಅದಕ್ಕೆ ಮಂಚದ ಸರಳಿಗೆ ಒಂದು ಸೈಕಲ್ ಬೆಲ್ಲು ಬಿಗಿದ. ಟ್ರಿಣ್ ಎಂದರೆ ಅವನು ಹೋಗಬೇಕು. ಹಾಲು ತರಲು ಹೋದರೂ ಓಡೋಡಿ ಬರುತ್ತಿದ್ದ.

“ನಾನ್ ನೋಡ್ಕೊತೀನಿ, ನೀನ್ ಹೋಗಿ ಬಾರಪ್ಪ ಕಡಲಿಗೆ,” ಎಂದೆ.

“ಅವ್ಳು ನಿನ್ ಕೈಲಿ ಮಗ್ಗುಲು ಹಾಕ್ಸ್ಕೊಳಲ್ಲ ಅಕ್ಕಾ, ನಾಚ್ಕೊಂತಾಳೆ. ಮಾತು ಬೇರೆ ಕೊಟ್ಬುಟ್ಟಿವ್ನಿ.” ಸೈಕಲ್ ಕಡೆ ನೋಡಿದ. “ಇಂಗೇ ಕೂತಲ್ಲೇ ಓಗ್ತೀನಿ ಬುಡು.”

ಹಿಂದಿನ ಚಕ್ರಕ್ಕೆ ಮೀಟರ್ ಕಟ್ಟಿದ. ಊರು ಮುಟ್ಟಿದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅದರ ಹೆಸರು ಬರೆದು, ಟೀ ಕುಡಿದು, “ಕುಣಿಗಲ್ ಟೀ ಬರೀ ನೀರು” ಎನ್ನುತ್ತಿದ್ದ. ಟೀ ಮಾಡಿಕೊಟ್ಟವಳು ನಾನು! ಕೆಲವು ದಿನ ಬೆಲ್ಲು ಬಿಡುತ್ತಲೇ ಇರಲಿಲ್ಲ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅಂಥ ಒಂದು ಸಂಜೆ ಹ್ಯಾಂಡಲ್ ಮೇಲೆ ತಲೆಯಿಟ್ಟು, “ನಾಲ್ಕ್ ಗೋಡೆ ಅಕ್ಕಾ. ಉಸ್ರು ಕಟ್ತದೆ,” ಎಂದ. ಅಷ್ಟರಲ್ಲಿ ಬೆಲ್ಲು ಆಯಿತು, ಎದ್ದು ಹೋದ.

ಸಕಲೇಶಪುರ ದಾಟಿದ ದಿನ ನೋಡುತ್ತೇನೆ, ಕಾಲು ಅಲ್ಲಾಡಿಸದೆ ಎರಡೂ ಬ್ರೇಕು ಹಿಡಿದು ಕೂತಿದ್ದಾನೆ.

“ಮೀಟರ್ ನಿಂತೋಗೈತಲ್ಲೋ, ತುಳಿಯೋ!”

“ಘಾಟಿ ಇಳೀತಾ ಯಾವೋನಾದ್ರೂ ತುಳೀತಾನಾ? ಸುಮ್ಕಿರಕ್ಕಾ, ತಿರುವು ಐತೆ,” ಎಂದು ಮೈ ವಾಲಿಸಿದ.

ಒಳಗಿನಿಂದ ಏನೋ ಸದ್ದು. ರತ್ನಮ್ಮ ನಗುತ್ತಿದ್ದಳು, ಮಲಗಿದ ಮೇಲೆ ಮೊದಲ ಸಲ. ಆವತ್ತು ಅವನು ಸಂಜೆತನಕ ಘಾಟಿ ಇಳಿದ.

ಇತ್ತ, ತುಂಬಿದ ಬಕೆಟ್ಟು ಕಂಡರೂ ಬೆದರುತ್ತಿದ್ದ ನಮ್ಮ ಸಿಂಚನ ಯಾತ್ರೆಗೆ ಹೊರಟೇಬಿಟ್ಟಳು. “ಕೊನೇ ಮೈಲಿ ಇಬ್ರೂ ಒಟ್ಟಿಗೆ ತುಳಿಯಾಣ ಮಗಾ,” ಎಂದು ಅವನು ಕಾದು ಕೂತ. ದಂಡೆಯ ಹತ್ತಿರ ಬಂದು ಅವಳು ವಿಡಿಯೊ ಕಾಲ್ ಮಾಡಿದಾಗ ಫೋನ್ ಹಿಡಿದು ನಿಂತವಳು ನಾನು. ಅವನು ತುಳಿಯುತ್ತಿದ್ದ. “ಅಂಕಲ್, ಬಂತು ನೋಡಿ!” ಎಂದು ಅವಳು ಕೂಗುವುದಕ್ಕೂ ಒಳಗೆ ಟ್ರಿಣ್ ಟ್ರಿಣ್ ಎನ್ನುವುದಕ್ಕೂ ಸರಿಹೋಯಿತು. ಧುಮುಕಿ ಒಳಗೆ ಓಡಿದ.

“ಏನೂ ಬ್ಯಾಡ,” ತೊದಲಿದಳು ರತ್ನಮ್ಮ. “ಖುಷೀಗ್... ಬೆಲ್ ಒಡ್ದೆ. ಓಗಿ, ನೋಡಿ.”

ಅವನು ಬರುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಮತ್ತೆ ಸಿಗಲಿಲ್ಲ.

“ಓದ್ರೆ ಓಯ್ತು. ನೀನ್ ಕಂಡ್ಯಲ್ಲ ಅಕ್ಕಾ, ಎಂಗೈತೆ ಕಡಲು?”

“ಕಡಲು ಯಾರು ನೋಡಿದ್ರು! ಮೊಣಕಾಲುದ್ದ ನೀರಲ್ಲಿ ನಿಂತು ನಗ್ತಾ ಇತ್ತಲ್ಲ ನನ್ ಮಗು, ಅದನ್ನ ನೋಡ್ದೆ.”

ಅವನೂ ನಕ್ಕ. ಆದರೆ ಗೋಡೆಯ ಮೇಲೆ ಕಡಲು ಎಂದು ಮಾತ್ರ ಬರೆಯಲಿಲ್ಲ. “ನೋಡ್ದೆ ಎಂಗ್ ಬರ್ಯಾದು? ಒಂದಿನ ಓಗಿ ಬಂದು ಬರೀತೀನಿ.”

ಬರೆಯಲಿಲ್ಲ. ಈ ಸಲದ ಯುಗಾದಿ ಕಳೆದ ವಾರ ಎದೆನೋವೆಂದು ಆ ಅಂಗಡಿಯಲ್ಲೇ ಕುಸಿದವನು ಮತ್ತೆ ಏಳಲಿಲ್ಲ. ರತ್ನಮ್ಮನನ್ನು ಮಗಳು ಇಲ್ಲೇ ಅಟ್ಟೂರಿನ ಪಕ್ಕದ ಸಿಂಗಾಪುರ ಬಡಾವಣೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಸ ಜಾಕೆಟ್ಟು ತೊಟ್ಟು ನಿಂತ ಆ ಹುಡುಗರ ಫೋಟೊ ತೋರಿಸಲು ಮೊನ್ನೆ ಹೋಗಿದ್ದೆ. ಮಂಚಕ್ಕೆ ಅದೇ ಬೆಲ್ಲು. ಫೋಟೊ ನೋಡುತ್ತಾ ಅವಳ ಮುಖ ಅರಳಿತು, ಕೈ ತಾನಾಗಿ ಬೆಲ್ಲಿಗೆ ಹೋಯಿತು. ಟ್ರಿಣ್.

ನಾವಿಬ್ಬರೂ ಬಾಗಿಲ ಕಡೆ ನೋಡಿದೆವು.