ಸಪ್ಪಲಮ್ಮನ ಹನ್ನೆರಡು ಬಿಂದಿಗೆ

ಶಿವಗಂಗೆ ಬೆಟ್ಟದ ತಪ್ಪಲಿನ ಊರಿನಲ್ಲಿ ಸಪ್ಪಲಮ್ಮನ ಮನೆಗೆ ಯಾರೇ ಹೋದರೂ ಮೊದಲು ಕಣ್ಣಿಗೆ ಬೀಳುವುದು ನಡುಮನೆಯಲ್ಲಿ ಸಾಲಾಗಿ ಕೂತ ಹನ್ನೆರಡು ಸ್ಟೀಲ್ ಬಿಂದಿಗೆ. ಕಾಯಿಸಿ ಆರಿಸಿದ ನೀರು, ಮೇಲೆ ಬಿಗಿಯಾದ ಮುಚ್ಚಳ. ಪ್ರತಿ ಸೋಮವಾರ ಹಳೆ ನೀರನ್ನು ಮನೆ ಪಕ್ಕದ ನುಗ್ಗೆಮರಕ್ಕೆ ಸುರಿದು ಹೊಸದು ತುಂಬುತ್ತಾಳೆ.

"ಮದ್ವೆ ಮನೆಯೇನಮ್ಮಾ ಇದು?" ಎಂದು ಸೋಂಪುರದ ಫ್ಯಾಕ್ಟರಿಗೆ ಹೋಗುವ ಮಗಳು ಮಮತ ರೇಗಿಸುತ್ತಾಳೆ.

"ಗಾಳಿಮಳೆಗೆ ಕರೆಂಟ್ ಹೋದ್ರೆ ಗೊತ್ತಾಗ್ತದೆ, ಸುಮ್ನಿರು."

ಅದು ಅರ್ಧ ನಿಜ. ಇನ್ನರ್ಧ, ಎದುರು ಮನೆಯ ಮುನಿರತ್ನಮ್ಮ.

ಹದಿನೈದು ವರ್ಷದ ಹಿಂದೆ ಬಿರುಗಾಳಿಗೆ ಕಂಬಗಳು ಉರುಳಿ ಮೂರು ದಿನ ಬೋರ್‌ವೆಲ್ ಓಡಲಿಲ್ಲ. ನಾಲ್ಕು ವರ್ಷದ ಮಮತಳಿಗೆ ವಾಂತಿಭೇದಿ. ಸಪ್ಪಲಮ್ಮ ಬಿಂದಿಗೆ ಹಿಡಿದು ಎದುರು ಮನೆಗೆ ಓಡಿದರೆ ಮುನಿರತ್ನಮ್ಮ, "ನಮ್ಗೇ ಸಾಲಲ್ಲ ಕಣಮ್ಮ" ಎಂದು ಬಾಗಿಲು ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಅವಳೇ ಸಂಪಿನ ನೀರಿನಲ್ಲಿ ಅಂಗಳ ತೊಳೆದು ರಂಗೋಲಿ ಬಿಟ್ಟಳು. ಪಕ್ಕದೂರಿಂದ ನೀರು ಹೊತ್ತು ತಂದು ಮಗುವನ್ನು ಉಳಿಸಿಕೊಂಡರೂ ಆ ಒದ್ದೆ ಅಂಗಳವನ್ನು ಸಪ್ಪಲಮ್ಮ ಮರೆಯಲಿಲ್ಲ.

ಈ ಬೇಸಿಗೆ ಅಂಥದೇ ಗಾಳಿ ಬಂತು. ನೀಲಗಿರಿ ಮರಗಳು ತಂತಿಯ ಮೇಲೆ ಬಿದ್ದವು. ಕಾಯಿನ್ ಹಾಕಿ ನೀರು ಹಿಡಿಯುವ ಘಟಕವೂ ನಿಂತಿತು. ಮುನಿರತ್ನಮ್ಮನ ಸಂಪಿನೊಳಕ್ಕೆ ಚರಂಡಿ ನೀರು ನುಗ್ಗಿತೆಂದು ಕೇಳಿ ಸಪ್ಪಲಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು; ಸುಳ್ಳೇಕೆ ಹೇಳಬೇಕು?

ಮಧ್ಯಾಹ್ನ ಮುನಿರತ್ನಮ್ಮ ಬಂದೇಬಿಟ್ಟಳು. "ಸಪ್ಪಲಮ್ಮಕ್ಕಾ, ನಮ್ಮತ್ತೆಗೆ ಮಾತ್ರೆ ನುಂಗೋಕೂ ನೀರಿಲ್ಲ."

ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡ ಉತ್ತರ ನಾಲಗೆ ತುದಿಯಲ್ಲೇ ಇತ್ತು. ಆದರೆ ಆ ಮುದುಕಿ ಏನು ಪಾಪ ಮಾಡಿದ್ದಳು?

"ನೀನ್ ಹೋಗು, ನಾನೇ ತರ್ತೀನಿ."

ಹಾಡಹಗಲು, ಬೀದಿಯವರೆಲ್ಲ ನೋಡುವಂತೆ, ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟು ನಡೆದು ಆ ರಂಗೋಲಿಯ ಜಾಗದಲ್ಲೇ ಇಳಿಸಿದಳು. "ನಮ್ಗೆ ಸಾಲ್ತದೆ ಕಣಮ್ಮ!" ಎಂದು ಬೀದಿಯ ಕೊನೆಗೂ ಕೇಳುವಂತೆ ಹೇಳಿದಳು. ಮುನಿರತ್ನಮ್ಮ ತಲೆ ಎತ್ತಲಿಲ್ಲ.

ಕರೆಂಟ್ ಬಂದ ಮೇಲೆ ಅವಳು ಬಿಂದಿಗೆ ವಾಪಸ್ ತಂದಳು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ಕಾಯಿಸಿದ ನೀರನ್ನು ಕಂಠಮಟ್ಟ ತುಂಬಿದ್ದಳು. "ಅವತ್ತು ನಂದು ತಪ್ಪಾಯ್ತಕ್ಕ" ಎಂದಳು.

ಸಪ್ಪಲಮ್ಮ ಬಿಂದಿಗೆ ಈಸಿಕೊಂಡು, ಅವಳ ಕಣ್ಣೆದುರೇ ನುಗ್ಗೆಮರದ ಬುಡಕ್ಕೆ ಕೊನೆಯ ಹನಿಯವರೆಗೂ ಸುರಿದಳು.

"ನಿನ್ ನೀರು ಅವತ್ತು ಬೇಕಾಗಿತ್ತು ಕಣೆ, ನನ್ ಮಗೀಗೆ."